ಇಪ್ಪತ್ತೆರಡನೆಯ ಎಳೆತ

ವೆಲಿನ್ ಮತ್ತು ಓಗ್ನ್ಯಾನ್ ರೂಸೆ ಊರಿನ ಡ್ರುಜ್ಬಾ ಬಡಾವಣೆಯಲ್ಲಿ ಒಂದೇ ಕಟ್ಟಡದಲ್ಲಿ ಬೆಳೆದವರು. ಒಬ್ಬನದು ಮೂರನೆಯ ಮಹಡಿ, ಇನ್ನೊಬ್ಬನದು ಐದನೆಯದು. ಅಂಗಳದಲ್ಲಿ ಜಮಖಾನೆ ಬಡಿಯಲೆಂದು ನೆಟ್ಟಿದ್ದ ಕಬ್ಬಿಣದ ಕಂಬಿಯೇ ಅವರ ಗರಡಿಮನೆ. ಕಂಬಿಗೆ ಜೋತುಬಿದ್ದು, ಗದ್ದ ಅದರ ಮೇಲೆ ಬರುವ ತನಕ ಮೈಯನ್ನು ಎಳೆದುಕೊಳ್ಳಬೇಕು. ಆಗ ಒಂದು ಎಳೆತ. ಹದಿನಾರರ ವಯಸ್ಸಿನಲ್ಲಿ ವೆಲಿನ್ ಹದಿನಾಲ್ಕು ಎಳೆದರೆ ಓಗ್ನ್ಯಾನ್ ಹದಿನೈದು ಎಳೆಯುತ್ತಿದ್ದ. ಆ ಒಂದರ ಅಂತರವನ್ನು ವೆಲಿನ್ ಯಾವತ್ತೂ ದಾಟಲಿಲ್ಲ.

ನಲವತ್ತಮೂರಕ್ಕೆ ಇಬ್ಬರಿಗೂ ಹೊಟ್ಟೆ ಬಂದಿತ್ತು. ವೆಲಿನ್ ಊರಿನಲ್ಲೇ ಗೋಡೆಗೆ ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಿದ್ದ. ಓಗ್ನ್ಯಾನನ ಕಾರ್ಖಾನೆ ಮುಚ್ಚಿತು. ಜರ್ಮನಿಯ ಗೋದಾಮೊಂದರಲ್ಲಿ ಕೆಲಸ ಸಿಕ್ಕಿ ಹೊರಟ. ಹೊರಡುವ ಹಿಂದಿನ ದಿನ ಇಬ್ಬರೂ ಎರಡೆರಡು ಲೋಟ ರಾಕಿಯಾ ಏರಿಸಿ ಅಂಗಳಕ್ಕಿಳಿದು ಕಂಬಿ ಹಿಡಿದರು. ವೆಲಿನ್ ಎರಡು ಎಳೆದ. ಓಗ್ನ್ಯಾನ್ ಕಾಲು ಝಾಡಿಸಿ ಝಾಡಿಸಿ ಮೂರು ಎಳೆದ.

“ನೋಡ್ದ್ಯೇನೋ, ಮುದುಕರಾದ್ರೂ ನಾನೇ ಮುಂದೆ,” ಎಂದು ನಕ್ಕ ಓಗ್ನ್ಯಾನ್. “ಬಿಡಬಾರ್ದು ಕಣೋ. ವಾರಕ್ಕೆ ಮೂರು ದಿನ. ಎಳೆತ ಎಷ್ಟು, ದಂಡ ಎಷ್ಟು, ಬಸ್ಕಿ ಎಷ್ಟು, ಬರೆದು ಕಳಿಸು. ನಾನೂ ಕಳಿಸ್ತೀನಿ.”

ವೆಲಿನ್ ಚೌಕಳಿ ಗೆರೆಯ ಶಾಲೆ ನೋಟ್‌ಬುಕ್ಕೊಂದನ್ನು ಕೊಂಡ. ಎಡಗಡೆ ತನ್ನದು, ಬಲಗಡೆ ಓಗ್ನ್ಯಾನನದು. ಸೋಮವಾರ, ಬುಧವಾರ, ಶುಕ್ರವಾರ ಕೆಲಸದಿಂದ ಬಂದವನೇ ಸಿಮೆಂಟು ಮೆತ್ತಿದ ಪ್ಯಾಂಟಿನಲ್ಲೇ ಕಂಬಿಯ ಬಳಿಗೆ ಹೋಗುತ್ತಿದ್ದ. ನೆಲಮಹಡಿಯ ಸ್ತೊಯ್ನಾ ಅತ್ತೆಗೆ ಇದು ಸರಿಬರಲಿಲ್ಲ. ಹೆಗಲ ಮೇಲೆ ಜಮಖಾನೆ ಹೊತ್ತು ನಿಂತು ಬೈಯುತ್ತಿದ್ದಳು.

“ಮಂಗನ ಹಾಗೆ ಜೋತಾಡೋಕೆ ನಿಂಗೆ ಕಂಬಿ ಬೇಕು. ನನ್ನ ಜಮಖಾನೆ ಧೂಳನ್ನ ಯಾರ ತಲೆ ಮೇಲೆ ಕೊಡವಲಿ?”

“ಇನ್ನು ಎರಡೇ ಎರಡು, ಅತ್ತೆ.”

“ನಿಮ್ಮಪ್ಪನೂ ಹೀಗೇ ಅಂತಿದ್ದ, ಇನ್ನೆರಡೇ ಗ್ಲಾಸು ಅಂತ!”

ಎರಡು ನಾಲ್ಕಾಯಿತು, ನಾಲ್ಕು ಏಳಾಯಿತು. ಹೊಟ್ಟೆ ಇಳಿಯಿತು. ಹೆಂಡತಿ ರಾಲಿತ್ಸಾ ಮೊದಮೊದಲು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತ ನೋಡಿ ನಗುತ್ತಿದ್ದಳು. ಆಮೇಲಾಮೇಲೆ ನೋಡುವುದನ್ನೇ ಬಿಟ್ಟಳು. ಸಂಜೆ ಆರೂವರೆಗೆ ವೆಲಿನ್ ತನ್ನ ಲೆಕ್ಕ ಕಳಿಸುತ್ತಿದ್ದ. ಹತ್ತು ನಿಮಿಷ ಕಳೆಯುವುದರೊಳಗೆ ಜರ್ಮನಿಯಿಂದ ಉತ್ತರ ಬರುತ್ತಿತ್ತು. ಏಳಕ್ಕೆ ಎಂಟು. ಹನ್ನೆರಡಕ್ಕೆ ಹದಿಮೂರು. ಹಿಮ ಬಿದ್ದು ಕಂಬಿ ಅಂಗೈಗೆ ಅಂಟುವ ಜನವರಿಯಲ್ಲಿ ವೆಲಿನ್ ಕೈಗೆ ಚಿಂದಿ ಸುತ್ತಿಕೊಂಡು ಹದಿನೆಂಟು ಎಳೆದ. ಆವತ್ತಾದರೂ ಗೆದ್ದೆನೆಂದುಕೊಂಡು ಮೆಟ್ಟಿಲಲ್ಲೇ ಫೋನ್ ಹಿಡಿದು ನಿಂತ. “ಹತ್ತೊಂಬತ್ತು. ಬಿಡಬೇಡ ಮುದುಕಾ!” ಎಂದು ಬಂತು.

ಫೆಬ್ರವರಿಯಿಂದ ಎಡ ಭುಜ ನೋಯತೊಡಗಿತು. ಟೈಲ್ಸ್ ಪೆಟ್ಟಿಗೆ ಎತ್ತುವಾಗ ಚುಚ್ಚಿದಂತಾಗುತ್ತಿತ್ತು. ರಾಲಿತ್ಸಾ ಮುಲಾಮು ಹಚ್ಚುತ್ತ, “ನಾಲ್ಕು ವಾರ ಸುಮ್ನಿರು. ಅವನೇನು ನಿಂಗೆ ಪದಕ ಕೊಡ್ತಾನಾ?” ಎಂದಳು.

“ಅವನಿಗೂ ನನ್ನಷ್ಟೇ ವಯಸ್ಸು. ದಿನವಿಡೀ ಮೂಟೆ ಎತ್ತಿ ಬಂದು ಅವನು ಮಾಡ್ತಾನೆ ಅಂದ್ರೆ ನಂಗೇನು ಬಂದಿರೋದು?” ಎಂದ ವೆಲಿನ್.

ಮಾರ್ಚ್ ತಿಂಗಳ ಒಂದು ಶುಕ್ರವಾರ ಅವನು ಇಪ್ಪತ್ತೊಂದು ಮುಗಿಸಿ ಇಪ್ಪತ್ತೆರಡಕ್ಕೆ ಕೈಹಾಕಿದ. ಗದ್ದ ಕಂಬಿಯನ್ನು ದಾಟಿತು. ದಾಟಿದ ಗಳಿಗೆಯಲ್ಲೇ ಭುಜದೊಳಗೆ ದಪ್ಪ ಬಟ್ಟೆ ಹರಿದಂತಾಗಿ, ಎಡಗೈ ತನ್ನದೇ ಅಲ್ಲವೆಂಬಂತೆ ಕಳಚಿಕೊಂಡಿತು. ಬಿದ್ದವನ ಕೂಗಿಗೆ ಸ್ತೊಯ್ನಾ ಅತ್ತೆ ಕಿಟಕಿ ತೆರೆದಳು. ಆಂಬುಲೆನ್ಸ್ ಬರುವ ಮುನ್ನ ಅವನು ಬಲಗೈಯಲ್ಲಿ ಫೋನ್ ತೆಗೆದು “22” ಎಂದಷ್ಟೇ ಒತ್ತಿದ. ಆಸ್ಪತ್ರೆಯಲ್ಲಿ ಅಂಗಿ ಕತ್ತರಿಸುತ್ತಿರುವಾಗ ಉತ್ತರ ಬಂತು: “23.”

ಸ್ನಾಯು ಬುಡದಿಂದಲೇ ಹರಿದಿತ್ತು. ಹೊಲಿದರು. ಇನ್ನು ಭುಜದ ಮೇಲಕ್ಕೆ ಕೈ ಎತ್ತುವ ಕೆಲಸ ಮರೆತುಬಿಡು ಎಂದರು ವೈದ್ಯರು. ಗೋಡೆಗೆ ಟೈಲ್ಸ್ ಕೂರಿಸುವವನಿಗೆ ಅದು ಬಿಟ್ಟು ಬೇರೆ ಕೆಲಸವೇನಿದೆ? ಮೇ ತಿಂಗಳಲ್ಲಿ ಅವನು ಮಾರುಕಟ್ಟೆ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ಗೇಟು ಎತ್ತಿ ಇಳಿಸುವ ಗುಂಡಿಯ ಮುಂದೆ ಕುಳಿತ. ಕೈ ಸ್ವಲ್ಪ ಉಳುಕಿದೆ ಎಂದಷ್ಟೇ ಓಗ್ನ್ಯಾನನಿಗೆ ಬರೆದಿದ್ದ.

ಆಗಸ್ಟಿನಲ್ಲಿ ಓಗ್ನ್ಯಾನ್ ರಜೆಗೆ ಬಂದ. ಅಂಗಳದ ಬೆಂಚಿನಲ್ಲಿ ಕಾಯುತ್ತಿದ್ದ ವೆಲಿನ್‌ಗೆ ಮೊದಲು ಕಂಡದ್ದು ಅವನ ಹೊಟ್ಟೆ. ಹೋಗುವಾಗ ಇದ್ದದ್ದರ ಒಂದೂವರೆಯಷ್ಟಾಗಿತ್ತು. ಕಾರಿನಿಂದ ಇಳಿಯುವುದಕ್ಕೆ ಅವನು ಬಾಗಿಲು ಹಿಡಿದುಕೊಂಡ. ಬಿಯರ್ ಬಾಟಲಿಗಳನ್ನು ಬೆಂಚಿನ ಮೇಲಿಟ್ಟು, ಸೂರ್ಯಕಾಂತಿ ಬೀಜದ ಪೊಟ್ಟಣ ಬಿಚ್ಚಿ, ಏದುಸಿರು ಬಿಡುತ್ತ ಕೂತ.

ವೆಲಿನ್ ಅವನನ್ನೇ ನೋಡುತ್ತ ಕೇಳಿದ.

“ಈಗ ಎಷ್ಟು ಎಳೀತೀಯೋ?”

“ಏನು ಎಳೆಯೋದು?” ಎಂದು ಓಗ್ನ್ಯಾನ್ ಸಿಪ್ಪೆ ಉಗಿದ. ಆಮೇಲೆ ನಕ್ಕುಬಿಟ್ಟ. “ಅಯ್ಯೋ, ಅದಾ! ಮೊದಲ್ನೇ ತಿಂಗಳು ಬಾಗಿಲ ಚೌಕಟ್ಟಿಗೆ ಜೋತಾಡ್ದೆ. ಒಂದೇ ಕೋಣೇಲಿ ಆರು ಜನ, ಎಲ್ರೂ ಬೈದ್ರು. ಸೊಂಟ ಬೇರೆ ಹಿಡ್ಕೊಳ್ತು. ಬಿಟ್ಟೆ.”

“ಹದಿಮೂರು? ಹತ್ತೊಂಬತ್ತು?”

“ನೀನು ಹನ್ನೆರಡು ಅಂದ್ರೆ ನಾನು ಹದಿಮೂರು. ಮಂಚದ ಮೇಲೆ ಮಲ್ಕೊಂಡೇ ಫೋನಲ್ಲಿ ಒತ್ತೋದು.”

ಓಗ್ನ್ಯಾನನ ನಗು ತಾನಾಗಿ ಇಳಿಯಿತು.

“ನೋಡೋ, ಅಲ್ಲಿ ದಿನವಿಡೀ ನಂಗಿಂತ ಇಪ್ಪತ್ತು ವರ್ಷ ಚಿಕ್ಕವನೊಬ್ಬ ನನ್ನ ಮೇಲೆ ಕಿರುಚ್ತಾನೆ. ಸಂಜೆ ನಿನ್ನ ಮೆಸೇಜು ಬಂದ್ರೆ, ಅದೊಂದ್ರಲ್ಲಿ ನಾನು ಗೆಲ್ತಿದ್ದೆ. ಅಷ್ಟೇ. ಇಷ್ಟಕ್ಕೂ ನೀನೂ ಸುಳ್ಳೇ ಬರೀತಿದ್ದೆ ತಾನೆ?”

“ನಾನಾ?”

“ಮತ್ತೆ? ಗಾರೆ ಕೆಲಸದವನು, ನಲವತ್ನಾಲ್ಕು ವರ್ಷ, ಇಪ್ಪತ್ತೆರಡು! ಯಾರಿಗೆ ಹೇಳ್ತೀಯ? ಅದಕ್ಕೇ ಅಲ್ವೇನೋ ನಾನೂ ಧೈರ್ಯವಾಗಿ ಒತ್ತಿದ್ದು.”

ವೆಲಿನ್ ಅಂಗಿಯ ಗುಂಡಿ ಬಿಚ್ಚಿ ಭುಜದ ಹೊಲಿಗೆ ತೋರಿಸಿದ. ಓಗ್ನ್ಯಾನನ ಮುಖ ಬಿಳಿಚಿಕೊಂಡಿತು. ಆದರೂ ಅವನು ಹೇಳಿದ್ದು, “ಇದು ಕೆಲಸದಲ್ಲಿ ಆಗಿದ್ದಲ್ವಾ?” ಎಂದು.

ಆಗ ವೆಲಿನ್ ಎದ್ದುನಿಂತು, ಬಾಲ್ಕನಿಯಲ್ಲಿ ಮೆಣಸಿನಕಾಯಿ ಸುಡುತ್ತಿದ್ದ ರಾಲಿತ್ಸಾಳನ್ನು ಕೂಗಿದ.

“ರಾಲಿ! ಇವನಿಗೆ ಹೇಳೇ! ಇಪ್ಪತ್ತೆರಡು ಎಳೆದೆನೋ ಇಲ್ವೋ, ಹೇಳು!”

ರಾಲಿತ್ಸಾ ಮಸಿ ಹಿಡಿದ ಕೈಯನ್ನು ಒರೆಸಿಕೊಳ್ಳುತ್ತ ಬಗ್ಗಿ ನೋಡಿದಳು. ಇಬ್ಬರು ಗಂಡಸರನ್ನೂ ನೋಡಿದಳು.

“ನಾನು ಎಣಿಸಿಲ್ಲ. ನೆಲದ ಮೇಲೆ ಬಿದ್ದಿದ್ದನ್ನ ನೋಡಿದೀನಿ, ಅದನ್ನ ಬೇಕಾದ್ರೆ ಹೇಳ್ತೀನಿ.”

ಅವಳು ಒಳಗೆ ಹೋದಳು. ಓಗ್ನ್ಯಾನ್, “ಆಯ್ತು ಬಿಡೋ, ನಂಬ್ತೀನಿ,” ಎಂದ. ಆ ಮಾತು ಹೊಲಿಗೆಗಿಂತ ಹೆಚ್ಚು ನೋಯಿಸಿತು. ವೆಲಿನ್ ಬಿಯರನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲು ಹತ್ತಿದ. ರಜೆ ಮುಗಿದು ಓಗ್ನ್ಯಾನ್ ಹೊರಟಾಗ ಅವನು ಕೆಳಗಿಳಿಯಲಿಲ್ಲ.

ಅಕ್ಟೋಬರಿನಲ್ಲಿ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವವಳು ಒಂದು ಹಾಳೆ ಕೊಟ್ಟಳು. ದಿನಕ್ಕೆ ಮೂರು ಸಲ ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸಬೇಕು, ಎಷ್ಟು ಎತ್ತರ ಹೋಯಿತೆಂದು ಪ್ರತಿದಿನ ಬರೆಯಬೇಕು. ವೆಲಿನ್ ಒಂದು ದಿನವೂ ತಪ್ಪಿಸದೆ ಹತ್ತಿಸಿದ. ಪಾರ್ಕಿಂಗ್ ಗೂಡಿನ ತಗಡಿನ ಗೋಡೆಯ ಮೇಲೆ, ಮನೆಯ ಬಚ್ಚಲಿನಲ್ಲಿ, ಹಲ್ಲು ಕಚ್ಚಿಕೊಂಡು. ಬರೆಯುವುದು ಮಾತ್ರ ಅವನಿಂದಾಗಲಿಲ್ಲ. ಪೆನ್ನು ಹಿಡಿದರೆ ನೋಟ್‌ಬುಕ್ಕಿನ ಬಲಗಡೆಯ ಅಂಕಿಗಳು ನೆನಪಾಗಿ, ಕೈ ಹಾಳೆಯ ಮೇಲೆ ಇಳಿಯುತ್ತಿರಲಿಲ್ಲ.

ತಿಂಗಳ ಕೊನೆಗೆ ಅವಳು ಖಾಲಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಏನ್ರೀ, ಒಂದು ದಿನಾನೂ ಮಾಡಿಲ್ವಲ್ಲ?”

“ಮಾಡಿದೀನಿ.”

“ಎಲ್ರೂ ಹಾಗೇ ಅಂತಾರೆ,” ಎನ್ನುತ್ತ ಅವಳು ಕಡತ ತೆರೆದು, ರೋಗಿ ವ್ಯಾಯಾಮ ಮಾಡುತ್ತಿಲ್ಲ ಎಂದು ಬರೆದುಕೊಂಡು, ಮುಂದಿನವರನ್ನು ಕರೆದಳು.