ಅಕ್ಕನ ಸರದಿ

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಅವಳ ತಮ್ಮ, ಗ್ರಂಥಾಲಯದ ಕೌಂಟರಿನಲ್ಲಿ ನಿಂತು ಅವಳಿಗೆಂದೇ ಪುಸ್ತಕ ತೆಗೆದುಕೊಳ್ಳುತ್ತಿದ್ದ. ದಪ್ಪನೆಯ ಪತ್ತೇದಾರಿ ಕಾದಂಬರಿ. ಎರಡು ತಿಂಗಳು ಕಾದ ಮೇಲೆ ಅಂದು ಅವಳ ಸರದಿ ಬಂದಿತ್ತು. ಬೆಳಿಗ್ಗೆಯಷ್ಟೇ ಆಸ್ಪತ್ರೆಯಿಂದ ಫೋನು ಮಾಡಿ, "ಏ ಸೂಜಿಮೂತಿ, ಇವತ್ತೇ ತಂದುಬಿಡೋ. ಕೊಲೆಗಾರ ಯಾರು ಅಂತ ತಿಳಿಯದೆ ನಾನು ಎಲ್ಲಿಗೂ ಹೋಗಲ್ಲ," ಎಂದಿದ್ದಳು. ಹೋಗಿಯೇ ಬಿಟ್ಟಳು. ದೇವರು ಕರೆಯುವಾಗ ಎಷ್ಟು ಪುಟ ಬಾಕಿಯಿದೆ ಎಂದು ಕೇಳುವುದಿಲ್ಲ.

ಸೂಜಿಮೂತಿಗೆ ಈಗ ಅರವತ್ತೇಳು, ಕಸುಬು ದರ್ಜಿಯದು. ದಿನಾ ಸಂಜೆ ಅಂಗಡಿ ಮುಚ್ಚಿ ಬಂದು, ಅವಳ ಖಾಲಿ ಕುರ್ಚಿಯ ಎದುರು ಕೂತು ಆ ಪುಸ್ತಕವನ್ನು ಗಟ್ಟಿಯಾಗಿ ಓದಿದ. ಹದಿನೈದು ದಿನದ ಗಡುವು ಮುಗಿಯಿತು, ನಲವತ್ತು ಪುಟ ಉಳಿಯಿತು. ಇನ್ನೊಂದು ವಾರ ಕೊಡಿ ಎಂದು ಕೇಳಲು ಪುಸ್ತಕ ಹಿಡಿದು ಹೋದರೆ, "ಅದೆಲ್ಲ ಈಗ ವೆಬ್‌ಸೈಟಿನಲ್ಲೇ," ಎಂದು ಕೌಂಟರಿನವನು ಕೈತೊಳೆದುಕೊಂಡ.

ಪಕ್ಕದ ಕೋಣೆಯಿಂದ ಕನ್ನಡಕದ ಹುಡುಗಿಯೊಬ್ಬಳು ಇಣುಕಿದಳು. ವೆಬ್‌ಸೈಟು ಜನರಿಗೆ ಸುಲಭವಾಗಿದೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ.

"ಬನ್ನಿ ಯಜಮಾನ್ರೇ. ನಿಮ್ಮ ಕೆಲಸ ನೀವೇ ಮಾಡಿ, ನಾನು ನೋಡ್ತಾ ಬರ್ಕೋತೀನಿ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ನಾನು ಮಾತ್ರ ಏನೂ ಹೇಳಿಕೊಡೋ ಹಾಗಿಲ್ಲ."

"ಈ ವಯಸ್ಸಲ್ಲಿ ಪರೀಕ್ಷೆನಾ ತಾಯಿ? ನಾನು ನಾಲ್ಕನೇ ಕ್ಲಾಸಲ್ಲೇ ಡುಮ್ಕಿ ಹೊಡೆದವನು."

"ಪರೀಕ್ಷೆ ನಿಮಗಲ್ಲ, ವೆಬ್‌ಸೈಟಿಗೆ."

"ಓಹೋ, ಟ್ರಯಲ್ ಅಂತ ಹೇಳು! ಅಂಗಿ ಬಿಗಿಯಾದ್ರೆ ಹೊಟ್ಟೆನ ಬೈಯೋ ಹಾಗಿಲ್ಲ."

"ಅದೇ!" ಹುಡುಗಿ ಆ ಮಾತನ್ನೂ ಬರೆದುಕೊಂಡಳು.

ದರ್ಜಿ ಕಂಪ್ಯೂಟರಿನಲ್ಲಿ ಅಕ್ಕನ ಕಾರ್ಡಿನ ನಂಬರು ಒತ್ತಿ, ಪರದೆಯ ಮೇಲಿದ್ದುದನ್ನು ಓದತೊಡಗಿದ. ಶುರುವಾಯಿತು ಕಣ್ಣಾಮುಚ್ಚಾಲೆ.

"ನಮ್ಮ ಬಗ್ಗೆ... ನಿಮ್ಮ ಬಗ್ಗೆ ಯಾರಪ್ಪ ಕೇಳಿದ್ದು? ಸಂಪನ್ಮೂಲಗಳು... ಇದೇನು ಗಣಿನಾ? ಪರಿಚಲನಾ ಸೇವೆಗಳು... ಇದು ಡಾಕ್ಟರ ಭಾಷೆ, ಮುಟ್ಟೋದೇ ಬೇಡ."

ಹುಡುಗಿ ತುಟಿ ಕಚ್ಚಿಕೊಂಡಳು.

"ಗೊತ್ತಾಯ್ತು ಬಿಡು, ಅಲ್ಲೇ ಇದೆ. ನಿನ್ನ ಮುಖವೇ ಹೇಳ್ತಿದೆ!"

ಅಲ್ಲೇ ಇತ್ತು. 'ಅವಧಿ ವಿಸ್ತರಿಸಿ' ಎಂಬುದನ್ನು ಒತ್ತಿದ. ಕೆಂಪಕ್ಷರ ಮೂಡಿತು: 'ನಿಮ್ಮ ವಿನಂತಿಯನ್ನು ತಿರಸ್ಕರಿಸಲಾಗಿದೆ.'

ದರ್ಜಿಯ ಮುಖ ಇಳಿಯಿತು. "ಅಕ್ಕ ಏನು ತಪ್ಪು ಮಾಡಿದಳು ತಾಯಿ? ತೀರಿಹೋದವಳ ಕಾರ್ಡು ಅಂತ ಇದಕ್ಕೆ ಗೊತ್ತಾಗಿಬಿಡ್ತಾ?"

ಪೆನ್ನು ನಿಂತಿತು. ನಿಯಮ ಹಾಳಾಗಿ ಹೋಗಲಿ ಎಂದು ಹುಡುಗಿ ಮೆಲ್ಲಗೆ ಹೇಳಿದಳು: "ಇಲ್ಲ ಯಜಮಾನ್ರೇ. ಇನ್ಯಾರೋ ಈ ಪುಸ್ತಕಕ್ಕೆ ಕಾಯ್ತಿದ್ದಾರೆ, ಅಷ್ಟೇ."

"ಹಾಗಂತಲೇ ಬರೀಬಾರದಾ? ನನ್ನಕ್ಕನೂ ಎರಡು ತಿಂಗಳು ಕಾದವಳು. ಕಾಯೋರ ಸಂಕಟ ನಮಗೆ ಗೊತ್ತಿಲ್ವಾ?"

ಹುಡುಗಿ ಅದನ್ನು ಅಕ್ಷರಶಃ ಬರೆದು, ಕೆಳಗೆ ಎರಡು ಗೆರೆ ಎಳೆದಳು.

"ಬಾಗಿಲು ಹಾಕೋದು ಎಷ್ಟು ಹೊತ್ತಿಗೆ?"

"ಆರಕ್ಕೆ. ಇನ್ನೂ ಮೂರು ಗಂಟೆ ಇದೆ."

"ಹಾಗಾದ್ರೆ ಇಲ್ಲೇ ಓದಿ ಮುಗಿಸಿ ಕೊಟ್ಟುಬಿಡ್ತೀನಿ, ಅವರ್‍ಯಾರೋ ಪಾಪ ಓದಿಕೊಳ್ಳಲಿ. ಆದ್ರೆ ಗಟ್ಟಿಯಾಗಿ ಓದಬೇಕು. ಅಕ್ಕನಿಗೆ ಕಿವಿ ಸ್ವಲ್ಪ ಮಂದ."

"ವಾಚನಾಲಯದಲ್ಲಿ ಗಟ್ಟಿಯಾಗಿ ಓದಿದ್ರೆ ಹೊರಗೆ ಹಾಕ್ತಾರೆ. ಇಲ್ಲೇ ಓದಿ. ಬಾಯಿಬಿಟ್ಟು ಹೇಳೋಕೇ ಇರೋ ಕೋಣೆ ಇದು," ಎಂದು ಹುಡುಗಿ ಎದುರಿನ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿಕೊಂಡು, ಕುರ್ಚಿಯನ್ನು ಖಾಲಿ ಮಾಡಿಕೊಟ್ಟಳು.

ಐದೂವರೆಗೆ ಕೊನೆಯ ಪುಟ ಬಂತು. ದರ್ಜಿ ಕಣ್ಣೊರೆಸಿಕೊಂಡು ಗಹಗಹಿಸಿ ನಕ್ಕ.

"ಅಕ್ಕಾ, ಕೊಲೆಗಾರ ದರ್ಜಿ ಕಣೇ! ನೀನಿದ್ದಿದ್ರೆ ವರ್ಷಪೂರ್ತಿ ನನ್ನನ್ನ ಆಡಿಕೊಳ್ತಿದ್ದೆ."

ಪುಸ್ತಕವನ್ನು ಕೌಂಟರಿನಲ್ಲಿಟ್ಟು, ರಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ, ಕಣ್ಣು ಮುಚ್ಚಿದ.

"ದೇವರೇ, ಅವಳು ತಿಳಿಯಬೇಕಾದ್ದು ಇನ್ನೇನೂ ಉಳಿದಿಲ್ಲ. ಅವಳ ಆತ್ಮಕ್ಕೆ ಶಾಂತಿ ಕೊಡು. ನಿನ್ನ ಬಾಗಿಲಲ್ಲಿ ಅವಳನ್ನು ಸರದಿಗೆ ನಿಲ್ಲಿಸಬೇಡಪ್ಪಾ."