ಮಂಜುಗಡ್ಡೆಯ ತೊಲೆ

"ತಲೆಗೆ ಏನೋ ಬಡೀತು ಕಣೋ," ಎಂದಳು ಅತ್ತಿಗೆ, ಐಸ್ ಫ್ಯಾಕ್ಟರಿಯ ಶೀತಕೋಣೆಯ ಒಳತುದಿಯಿಂದ. "ಹೋದ ತಿಂಗಳು ಇಲ್ಲೇ ನೆಟ್ಟಗೆ ಗಾಡಿ ತಳ್ಕೊಂಡು ಬರ್ತಿದ್ದೆ."

"ಈ ವಯಸ್ಸಲ್ಲಿ ಎತ್ತರ ಬೆಳೀತಿದೀರೇನೋ," ಎಂದು ಮೈದುನ ಬಾಗಿಲಲ್ಲೇ ನಿಂತು ನಕ್ಕ.

ಮಂಜುಗಡ್ಡೆ ಪೇರಿಸುವುದರಲ್ಲಿ ಅವನನ್ನು ಮೀರಿಸುವವರು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಸಂಭವವೂ ಇರಲಿಲ್ಲ. ಅವನು ಪೇರಿಸಿದ ಸಾಲು ಕಂಡರೆ ಪರ್ವತಗಳೇ ನಾಚಿ ಕುಳಿತುಕೊಳ್ಳಬೇಕು. ಜಾಗ ಸಾಲದೆ ಹೋದಾಗ ಒಳಗೆ ಓಡಾಡುವ ಓಣಿಯ ಮೇಲಿನ ಗಾಳಿಯನ್ನೂ ಬಳಸಿಕೊಳ್ಳುವ ಉಪಾಯ ಹೊಳೆದದ್ದು ಭೂಮಂಡಲದಲ್ಲಿ ಅವನೊಬ್ಬನಿಗೇ. ಎರಡು ಸಾಲುಗಳ ನಡುವೆ ಉದ್ದುದ್ದ ಮಂಜುಗಡ್ಡೆಗಳನ್ನೇ ತೊಲೆಗಳಂತೆ ಅಡ್ಡ ಮಲಗಿಸಿ, ಅವುಗಳ ಮೇಲೆ ಸೂರು ಮುಟ್ಟುವಷ್ಟು ಗಡ್ಡೆ ಹೇರಿದ್ದ. ಹೇರುವ ಮೊದಲು ತಾನೇ ಹತ್ತಿ ಕುಣಿದು ನೋಡಿದ್ದ. ಮಂಜುಗಡ್ಡೆ ಮುರಿಯುವುದಾದರೆ ಆಗಲೇ ಫಟ್ಟನೆ ಮುರಿಯಬೇಕು, ಮುರಿಯದಿದ್ದರೆ ಅದು ಬಂಡೆ, ಎಂಬುದು ಅವನ ಶಾಸ್ತ್ರ.

ನಗುತ್ತಲೇ ಟಾರ್ಚು ಮೇಲೆತ್ತಿದ. ನಗು ತುಟಿಯ ಮೇಲೇ ಹೆಪ್ಪುಗಟ್ಟಿತು.

ತೊಲೆಗಳು ಹಗ್ಗದ ಮಂಚದಂತೆ ಜೋತುಬಿದ್ದಿದ್ದವು. ಒಂದು ಹನಿ ಕರಗಿರಲಿಲ್ಲ, ಒಂದು ಬಿರುಕೂ ಇರಲಿಲ್ಲ. ಮೇಲಿನ ಹೊರೆಗೆ ದಿನಕ್ಕೊಂದು ಕೂದಲೆಳೆಯಷ್ಟು, ಯಾರಿಗೂ ಹೇಳದೆ, ಬಗ್ಗುತ್ತ ಬಂದಿದ್ದವು. ಅವನ ಎದೆ ಬಡಿದ ಸದ್ದಿಗೆ ಮೂರು ಬೀದಿಯಾಚೆಯ ನಾಯಿಗಳು ಎದ್ದು ಕೂತಿರಬೇಕು.

"ಅತ್ತಿಗೆ, ಅಲ್ಲಾಡ್ಬೇಡಿ."

"ಯಾಕೋ, ಹಾವಾ?"

"ಹಾವಾಗಿದ್ರೆ ಚೆನ್ನಾಗಿರ್ತಿತ್ತು."

ಅವಳು ತಲೆಯೆತ್ತಿ ನೋಡಿದಳು.

"ಬಂಡೆ ಅಂದಿದ್ಯಲ್ಲೋ."

"ಅಂದಿದ್ದೆ. ಗಾಡಿ ಅಲ್ಲೇ ಬಿಟ್ಬಿಡಿ. ಮಂಡಿಯೂರಿ ಬನ್ನಿ. ಪಕ್ಕದ ಸಾಲಿಗೆ ಭುಜ ತಾಗ್ಬಾರ್ದು."

"ನಾನು ಇಲ್ಲೇ ಉಳಿದ್ರೆ ನಿಮ್ಮಣ್ಣನಿಗೆ ಏನ್ ಹೇಳ್ತೀಯ?"

"ನೀವೇ ಬಂದು ಹೇಳಿ, ಅತ್ತಿಗೆ."

ಅವಳು ತೆವಳತೊಡಗಿದಳು. ಬಾಗಿಲಿಗೆ ನಾಲ್ಕು ಮಾರು ದಾರಿ. ಅಷ್ಟರಲ್ಲಿ ಯುಗಗಳು ಉರುಳಿ, ಅವನ ತಲೆ ಪೂರ್ತಿ ನೆರೆತು, ಸಾಮ್ರಾಜ್ಯಗಳೆರಡು ಮಣ್ಣಾದವು. ತೊಲೆಯ ಹೊಟ್ಟೆಯ ಕೆಳಗೆ ಸರಿಯಾಗಿ ಬಂದಾಗ ಮೇಲೆಲ್ಲೋ ನೆಟಿಗೆ ಮುರಿದಂಥ ಸದ್ದಾಯಿತು. ಅವಳು ನಿಂತಳು. ಅವಳ ಉಸಿರಿನ ಹಬೆಯೂ ನಿಂತಿತು. ಅವನು ನೆಲಕ್ಕೆ ಬೋರಲು ಬಿದ್ದು ಕೈ ಚಾಚಿದ. ಕೊನೆಗೆ ಕಲ್ಲಿನಷ್ಟು ತಣ್ಣಗಿನ ಬೆರಳುಗಳು ಅದನ್ನು ಹಿಡಿದವು.

ಹೊರಗೆ ಬಂದ ಮೇಲೂ ಅವಳು ಕೈ ಬಿಡಲಿಲ್ಲ. ಒಳಗೆ ಏನೂ ಬಿದ್ದಿರಲಿಲ್ಲ.

"ಬಾಗಿಲು ಹಾಕೋ, ಒಳಗೆ ಬಿಸಿಗಾಳಿ ಹೋಗ್ತಿದೆ," ಎಂದಳು ಪಿಸುಮಾತಿನಲ್ಲಿ.

ಆ ಭಾರದ ಬಾಗಿಲು ಧಡ್ ಎನ್ನದೆ ಎಂದೂ ಮುಚ್ಚಿದ್ದಿಲ್ಲ. ಅವನು ಹಿಡಿಯ ಮೇಲೆ ಕೈಯಿಟ್ಟ, ಇಟ್ಟುಕೊಂಡೇ ನಿಂತ. ಬಿಳಿಯ ತಣ್ಣನೆ ಹೊಗೆ ಅವರಿಬ್ಬರ ಪಾದಗಳ ಮೇಲೆ ಹರಿದು, ಮೆಟ್ಟಿಲಿಳಿದು, ಬಿಸಿಲಿನಲ್ಲಿ ಇಲ್ಲವಾಗುತ್ತಿತ್ತು.