ಹುಳಿ ಚೆರ್ರಿಯ ನೆಗ್ರೋನಿ

ಸಾನ್ ಫ್ರೆದಿಯಾನೋ ಬೀದಿಯ ನಮ್ಮ ಬಾರಿನಲ್ಲಿ ನೆಗ್ರೋನಿ ಎಂಬ ಕಹಿ ಕಾಕ್‌ಟೇಲ್ ಹೇಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಿಡಿಸಿದರೆ ಲೋಟದ ತಳದ ಕಿತ್ತಳೆ ಹೋಳನ್ನು ಸಿಪ್ಪೆ ಸಮೇತ ತಿನ್ನುತ್ತಾರೆ. ಹಿಡಿಸದಿದ್ದರೆ ಹೋಳು ಅಲ್ಲೇ ಉಳಿಯುತ್ತದೆ. ನಮ್ಮಪ್ಪನ ಕಾಲದಿಂದಲೂ ಹೀಗೆಯೇ. ಲೋಟ ತೊಳೆಯುವವಳು ನಾನಾದ್ದರಿಂದ ಎಲ್ಲರ ತೀರ್ಪೂ ಮೊದಲು ನನ್ನ ಕೈಗೇ ಬರುತ್ತಿತ್ತು.

ಅಪ್ಪನ ನಂತರ ಬಾರು ನನ್ನ ತಮ್ಮ ದುಚ್ಚೋನ ಪಾಲಿಗೆ ಬಂತು. ಅವನ ಮಗಳು ಬ್ರುನೆಲ್ಲಾಗೆ ಆ ಕೌಂಟರಿನ ಹಿಂದೆ ನಿಲ್ಲಬೇಕೆಂಬ ಹಟ. ದುಚ್ಚೋ ಆಗಲೇ ಅವಳನ್ನು ಪ್ರಾತೋ ಊರಿನಲ್ಲಿರುವ ಸೋದರಮಾವನ ಬಟ್ಟೆ ಅಂಗಡಿಗೆ ಕಳಿಸುವುದೆಂದು ಮಾತಾಡಿ ಮುಗಿಸಿದ್ದ. ಹುಡುಗಿ ಒಪ್ಪಲಿಲ್ಲ. ಹುಳಿ ಚೆರ್ರಿ ನೆನೆಸಿ ತನ್ನದೇ ಒಂದು ನೆಗ್ರೋನಿ ಮಾಡುತ್ತೇನೆ, ಅದು ನಡೆದರೆ ಇಲ್ಲೇ ಇರುತ್ತೇನೆ ಎಂದಳು. ದುಚ್ಚೋ ನಕ್ಕ. ಜೂನ್ ಕೊನೆಗೆ ಬರುವ ಸಂತ ಜೊವಾನ್ನಿಯ ಹಬ್ಬ ಮುಗಿಯುವುದರೊಳಗೆ ಆದೆಮಾರೋ ಆ ಲೋಟ ಮುಗಿಸಿ ಹಣ್ಣು ತಿಂದರೆ ಸರಿ, ಇಲ್ಲದಿದ್ದರೆ ಪ್ರಾತೋ ಎಂದು ಷರತ್ತು ಹಾಕಿದ.

ಆದೆಮಾರೋ ಹಳೆಯ ಚೌಕಟ್ಟುಗಳಿಗೆ ಚಿನ್ನದ ರೇಕು ಹಚ್ಚುವ ಮುದುಕ. ಸಂಜೆ ಕೆಲಸ ಮುಗಿಸಿ ಬಂದು ನಿಂತೇ ಕುಡಿಯುತ್ತಿದ್ದ. ಹೊಸದೆಂದರೆ ಅವನಿಗೆ ಮೈ ಉರಿ.

ನಮ್ಮಲ್ಲಿ ಚೆರ್ರಿಯನ್ನು ಸಾರಾಯಿಯಲ್ಲಿ ಮುಳುಗಿಸಿ ಜಾಡಿಯನ್ನು ಕಿಟಕಿಯ ಬಿಸಿಲಿಗಿಡುವುದು ರೂಢಿ. ಜೂನ್ ಬಂತೆಂದರೆ ಬೀದಿಯ ಕಿಟಕಿಗಳೆಲ್ಲ ಕೆಂಪು. ಬ್ರುನೆಲ್ಲಾ ಕೂಡ ಹಾಗೆಯೇ ಇಟ್ಟಳು, ಸಾರಾಯಿಯ ಬದಲು ನೆಗ್ರೋನಿಗೆ ಹಾಕುವ ಕೆಂಪು ಕಹಿ ಮದ್ಯ ಸುರಿದಳು, ಅಷ್ಟೇ. ನನಗೂ ಅದು ಸರಿಯಾಗಿಯೇ ಕಂಡಿತು. ಕೆಲವು ದಿನ ಕಳೆದ ಮೇಲೆ ಅದಕ್ಕೆ ಜಿನ್ ಮತ್ತು ವೆರ್ಮೂತ್ ಎಂಬ ಸಿಹಿ ವೈನ್ ಬೆರೆಸಿ, ಕಿತ್ತಳೆಯ ಬದಲು ಚೆರ್ರಿ ಹಾಕಿ, ಆದೆಮಾರೋನ ಮುಂದಿಟ್ಟಳು.

ಅವನು ಒಂದು ಗುಟುಕು ಕುಡಿದು ಲೋಟವನ್ನು ಬೆಳಕಿಗೆ ಹಿಡಿದ.

"ದುಚ್ಚೋ, ನಂಗೆ ಕೆಮ್ಮು ಅಂತ ನಿನ್ ಮಗಳಿಗೆ ಯಾರು ಹೇಳಿದ್ರೋ?"

ನಿಂತವರೆಲ್ಲ ನಕ್ಕರು. ಲೋಟ ಹಾಗೆಯೇ ನನ್ನ ತೊಟ್ಟಿಗೆ ಬಂತು.

ಬ್ರುನೆಲ್ಲಾ ಅಳಲಿಲ್ಲ. ಉಳಿದದ್ದನ್ನು ತಾನೇ ಕುಡಿದು, ನನಗೂ ಕುಡಿಸಿದಳು.

"ಅತ್ತೆ, ಕಹಿ ಎಲ್ಲಿ ಹೋಯ್ತು ಇದ್ರಲ್ಲಿ?"

ಒಲೆಯ ಮೇಲೆ ಜಾಮ್ ಕುದಿಯುವಾಗಿನ ರುಚಿ ಎಂದೆ ನಾನು. ಅವಳು ಆ ಮಾತನ್ನೇ ಹಿಡಿದು ಯೋಚಿಸಿದಳು. ಬರಿಯ ಸಾರಾಯಿಗೆ ಬಿಸಿಲು ಒಗ್ಗುತ್ತದೆ. ಈ ಕಹಿಯಲ್ಲಿ ಮೊದಲೇ ಸಕ್ಕರೆ, ಬೇರು, ಸಿಪ್ಪೆಗಳ ರಸವಿದೆ, ಬಿಸಿಲಿಗೆ ಅದು ಬೆಂದುಹೋಯಿತು ಎಂದಳು.

ಮತ್ತೆ ಸಂತೆಗೆ ಹೋದಳು. ಪೂರ್ತಿ ಹಣ್ಣಾಗದ ಚೆರ್ರಿಯನ್ನೇ ಆರಿಸುತ್ತಿದ್ದರೆ ಹಣ್ಣಿನವಳು, ಯಾರ ಮೇಲಿನ ಸಿಟ್ಟಿಗೆ ಒಯ್ಯುತ್ತೀಯಾ ಎಂದು ಕಿಚಾಯಿಸಿದಳಂತೆ. ಬೀಜದ ಕಹಿಯೂ ಇಳಿಯಲೆಂದು ಈ ಸಲ ಬೀಜ ತೆಗೆಯಲಿಲ್ಲ. ಜಾಡಿಯನ್ನು ನೆಲಮಾಳಿಗೆಗೆ ಒಯ್ದು, ಆರ್ನೋ ನದಿಯ ತೇವ ಜಿನುಗುವ ಗೋಡೆಗೆ ಒತ್ತಿ ಇಟ್ಟಳು. ಆಗಾಗ ಇಳಿದುಹೋಗಿ ಚಮಚದಲ್ಲಿ ರುಚಿ ನೋಡುವಳು. ಹಣ್ಣಿನ ವಾಸನೆ ಬಂದು ಕಹಿ ಇನ್ನೂ ಗಟ್ಟಿಯಾಗಿದ್ದಾಗಲೇ ಸೋಸಿಬಿಟ್ಟಳು. ವೆರ್ಮೂತನ್ನೂ ಕಡಿಮೆ ಮಾಡಿದಳು.

"ನಿಮ್ಮಾವ ನಿನ್ ಕೊಠಡಿಗೆ ಸುಣ್ಣ ಹೊಡೆಸಿದಾನೆ," ಎಂದ ದುಚ್ಚೋ.

"ಹೊಡೆಸ್ಲಿ. ಹಬ್ಬ ಇನ್ನೂ ಬಂದಿಲ್ಲಪ್ಪ."

ಹಬ್ಬದ ಸಂಜೆ ಬೀದಿಯಲ್ಲಿ ಮೇಜು ಹಾಕಿದ್ದೆವು. ಹಬ್ಬದ ಚೆಂಡಾಟದಲ್ಲಿ ನಮ್ಮ ಕೇರಿಯ ಬಿಳಿ ಅಂಗಿಯ ಪಡೆ ಸೋತಿತ್ತು. ಆದೆಮಾರೋ ಉರಿಯುತ್ತಲೇ ಬಂದ. ಬ್ರುನೆಲ್ಲಾ ಲೋಟ ಇಟ್ಟಳು. ಅವನು ಮೂಸಿ ನೋಡಿದ, ಕುಡಿದ, ಆಟಗಾರರನ್ನು ಒಬ್ಬೊಬ್ಬರಾಗಿ ಬೈಯತೊಡಗಿದ. ಬೈಗುಳದ ನಡುವೆ ಲೋಟ ಇಳಿಯುತ್ತಾ ಹೋಯಿತು. ದುಚ್ಚೋ ಒರೆಸಿದ ಜಾಗವನ್ನೇ ಒರೆಸುತ್ತಿದ್ದ.

ಕೊನೆಗೆ ಮಂಜುಗಡ್ಡೆ ಮತ್ತು ಚೆರ್ರಿ ಉಳಿದವು. ಆದೆಮಾರೋ ಮಾತು ನಿಲ್ಲಿಸಿದ. ಲೋಟವನ್ನು ಬಾಯಿಗೆ ಓರೆ ಮಾಡಿದ. ಸ್ವಲ್ಪ ಹೊತ್ತು ಅಗಿದು, ಚೊಕ್ಕಟವಾದ ಬೀಜವನ್ನು ಮೇಜಿನ ಅಮೃತಶಿಲೆಯ ಮೇಲಿಟ್ಟ.

"ಬೀಜ ಇದೆ ಅಂತ ಹೇಳ್ಬಾರ್ದೇನೇ? ಹಲ್ಲು ಹೋಗ್ತಿತ್ತು."

"ನಿಮಗಿನ್ನೂ ಹಲ್ಲಿದೆ ಅಂತ ಗೊತ್ತಿರ್ಲಿಲ್ಲ ತಾತ."

ದುಚ್ಚೋ ಒಳಗೆ ಹೋಗಿ ಪ್ರಾತೋಗೆ ಫೋನ್ ಮಾಡಿ, ಹುಡುಗಿ ಬರುವುದಿಲ್ಲ ಎಂದ. ಹೊರಗೆ ಬಂದು, ಮುದುಕನಿಗೆ ಇನ್ನೊಂದು ಕೊಡು, ನನಗೂ ಒಂದು ಎಂದು ಮಗಳಿಗೆ ಹೇಳಿದ. ನಾನು ದುಚ್ಚೋನ ಲೋಟಕ್ಕಾಗಿ ಕಾದೆ. ಅದು ನನ್ನ ತೊಟ್ಟಿಗೆ ಬಂದಾಗ ತಳದಲ್ಲಿ ಬೀಜ ಮಾತ್ರವಿತ್ತು.